ಸಿಪ್ಪೆಯ ಸಮೀಕ್ಷೆ

ವಿಮೆ ಕಚೇರಿಯ ಅಚ್ಯುತರಾಯರು ಆ ಭಾನುವಾರ ಹೇಳಿದ್ದು ಒಂದೇ ಒಂದು ಸುಳ್ಳು.

ಸೂರತ್‌ನ ಅಡಾಜಣ್ ಬಡಾವಣೆಯ ಅವರ ಮನೆ ಬಾಗಿಲಿಗೆ ವೇದಾ ಎಂಬ ಹುಡುಗಿ ಬಂದಿದ್ದಳು. ಆ ಊರಲ್ಲೇ ಹುಟ್ಟಿ ಬೆಳೆದ ಕನ್ನಡದವಳು. ಮನೆಗಳಲ್ಲಿ ಅಡುಗೆ ಎಷ್ಟು ಹಾಳಾಗುತ್ತದೆ, ಕಸ ಏನಾಗುತ್ತದೆ ಎಂದು ಕಾಲೇಜಿನ ಪರವಾಗಿ ಸಮೀಕ್ಷೆ ಮಾಡುತ್ತಿದ್ದಳು.

“ಅಂಕಲ್, ತರಕಾರಿ ಸಿಪ್ಪೆ ಏನ್ಮಾಡ್ತೀರಾ?”

“ನಮ್ಮ ಕಡೆಯವ್ರು ಸಿಪ್ಪೆ ಬಿಸಾಕೋದುಂಟಾ? ಬಾಲ್ಕನೀಲಿ ಗೊಬ್ಬರ ಮಾಡ್ತೀವಿ.”

“ವಾವ್. ಸಂಜೆ ಬಂದು ನೋಡ್ತೀನಿ.”

ಅವಳು ಹೋದ ಮೇಲೆ ಹೆಂಡತಿ ವೈದೇಹಿ ಕೇಳಿದರು: “ಬಾಲ್ಕನೀಲಿ ಇರೋದು ನಿಮ್ಮ ಬನಿಯನ್ನು. ಅದನ್ನ ತೋರಿಸ್ತೀರಾ?”

ರಾಯರು ಹಳೆಯ ಡ್ರಮ್ಮೊಂದನ್ನು ಬಾಲ್ಕನಿಗೆ ಎಳೆದರು. ಮನೆಯಲ್ಲಿ ಸಿಕ್ಕಿದ್ದು ಎರಡೇ ಬಾಳೆಹಣ್ಣಿನ ಸಿಪ್ಪೆ. ತಳದಲ್ಲಿ ಅವು, ಖಾಲಿ ಕಲ್ಯಾಣಮಂಟಪಕ್ಕೆ ಬೇಗ ಬಂದು ಕೂತ ಇಬ್ಬರು ನೆಂಟರಂತೆ ಕಂಡವು. ವಿಧಿಯಿಲ್ಲದೆ ಎದುರುಮನೆಯ ವಿಮಲಾಬೆನ್ ಹತ್ತಿರ ಸಿಪ್ಪೆ ಕೇಳಿದರು.

ಚಳಿಗಾಲದ ಭಾನುವಾರ; ಮನೆಮನೆಯಲ್ಲೂ ಹತ್ತು ತರಕಾರಿ ಹಾಕುವ ಊಂಧಿಯು ಅಡುಗೆ. ವಿಮಲಾಬೆನ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿದ್ದೇ ತಡ, ಅವರೆ, ಗೆಣಸು, ಬಾಳೆಕಾಯಿಗಳ ಸಿಪ್ಪೆ ಬಕೆಟ್‌ಗಟ್ಟಲೆ ಬರತೊಡಗಿತು. ಸಾಕೆನ್ನಲು ರಾಯರ ಗುಜರಾತಿ ಸಾಲಲಿಲ್ಲ. ಡ್ರಮ್ಮು ತುಂಬಿ, ಸ್ನಾನದ ಟಬ್ಬೂ ತುಂಬಿತು.

ಸಂಜೆ ವೇದಾ ತಕ್ಕಡಿ ಹಿಡಿದುಕೊಂಡೇ ಬಂದಳು. ತೂಗಿದಳು. ನಂಬಿಕೆ ಬಾರದೆ ಮತ್ತೆ ತೂಗಿದಳು.

“ಇಪ್ಪತ್ತೆರಡು ಕಿಲೋ. ಎಷ್ಟು ದಿನದ್ದು, ಆಂಟಿ?”

“ಇವತ್ತಿಂದೇಮ್ಮ,” ಎಂದರು, ಸುಳ್ಳು ಹೇಳಿ ಅಭ್ಯಾಸವಿಲ್ಲದ ವೈದೇಹಿ.

“ಇಬ್ರಿಗೆ?”

ರಾಯರು ಬೆವರುತ್ತಾ ನಿಜ ಒಪ್ಪಿಕೊಂಡರು. “ಇದು ನಮ್ಮದಲ್ಲ, ಅಕ್ಕಪಕ್ಕದವ್ರದ್ದು. ವಿಮಲಾಬೆನ್ನನ್ನೇ ಕೇಳು.”

ವಿಮಲಾಬೆನ್ ಬಂದರು. ಹುಡುಗಿಯ ಕೈಯಲ್ಲಿದ್ದ ಫಾರ್ಮನ್ನೂ ಪೆನ್ನನ್ನೂ ನೋಡಿದರು. ಸೆರಗು ಸರಿಮಾಡಿಕೊಂಡು ಹಿಂದಿಯಲ್ಲಿ, “ನಮ್ಮ ಮನೇಲಿ ಸಿಪ್ಪೆ ಅನ್ನೋದೇ ಬೀಳಲ್ಲ,” ಎಂದರು.

ವೇದಾಳಿಗೆ ರಾಯರನ್ನು ನೋಡಿ ಪಾಪ ಅನ್ನಿಸಿತು. “ಬೇಜಾರ್ ಮಾಡ್ಕೋಬೇಡಿ ಅಂಕಲ್. ಇಡೀ ಸರ್ವೇಲಿ ನಿಮ್ದೇ ಜಾಸ್ತಿ ವೇಸ್ಟು, ಬಟ್ ರಿಪೋರ್ಟಲ್ಲಿ ಹೆಸರು ಬರಲ್ಲ. ‘ಕನ್ನಡದವರ ಮನೆ’ ಅಂತ ಮಾತ್ರ ಬರೀತೀನಿ.”

ರಾಯರಿಗೆ ಹೋದ ಜೀವ ಬಂದಂತಾಯಿತು. “ಅಂದಹಾಗೆ ಈ ಕಡೆ ಎಷ್ಟು ಕನ್ನಡ ಮನೆ ಸಿಕ್ತಮ್ಮ ನಿನಗೆ?”

“ಇಡೀ ಅಡಾಜಣ್‌ನಲ್ಲಿ ನಿಮ್ಮದೊಂದೇ, ಅಂಕಲ್.”