ಹೂವಿಗೆ ದೂರು ಬಾರದ ವರ್ಷ

ಬೇಡವೆಂದು ಬದಿಗೆ ಸರಿದು ನಿಂತವನನ್ನೇ ನಗೆಪಾಟಲಿನ ಸಂಗತಿಗಳು ಹುಡುಕಿಕೊಂಡು ಬರುತ್ತವೆ. ಹೆಂಡತಿ ತೀರಿಕೊಂಡ ಮೇಲಾದರೂ ನಿಂತಾವು ಎಂದುಕೊಂಡಿದ್ದೆ. ನಿಲ್ಲಲಿಲ್ಲ.

೧. ಸುಳ್ಳು

ಅತ್ತಾವರದ ನಮ್ಮ ಮನೆಯಿಂದ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಹೂವಿನವಳೊಬ್ಬಳು ಕೂರುತ್ತಾಳೆ. ಮೂವತ್ತು ವರ್ಷ, ಪ್ರತಿ ಸಂಜೆ ಅವಳಿಂದ ಒಂದು ಚೆಂಡು ಮಲ್ಲಿಗೆ ಒಯ್ದವನು ನಾನು. ಅರ್ಧ ದೇವರಿಗೆ, ಅರ್ಧ ಹೆಂಡತಿಗೆ. ಮರುದಿನ ಹೆಂಡತಿಯ ದೂರು ತಲುಪಿಸುವುದೂ ನನ್ನದೇ ಕೆಲಸ: ಹೂ ಬಾಡಿತ್ತು, ಮೊಗ್ಗು ಸಣ್ಣದು, ನಾರು ಜಾಸ್ತಿ. "ಅಕ್ಕನಿಗೆ ಅಷ್ಟು ಉಂಟಾದರೆ ತಾನೇ ಬಂದು ಆರಿಸಿಕೊಳ್ಳಲಿ" ಎಂದು ಹೂವಿನವಳ ಉತ್ತರ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಜಗಳ ಮಾತ್ರ ಮೂವತ್ತು ವರ್ಷ ನಡೆಯಿತು.

ಕಳೆದ ಬೇಸಿಗೆಯಲ್ಲಿ ಹೆಂಡತಿ ಹೋದಳು. ಹದಿಮೂರು ದಿನ ಕಳೆದು ಹೂವಿಗೆ ಹೋದಾಗ, ಎಂತ ಅಣ್ಣ, ಕಾಣಲೇ ಇಲ್ಲ ಎಂದು ಕೇಳಿದಳು. ನಿಜ ಹೇಳಲು ಬಾಯಿ ಬರಲಿಲ್ಲ. ಅಕ್ಕನಿಗೆ ಮೊಣಗಂಟು ನೋವು ಎಂದೆ. ಹೇಳಿದ ಮೇಲೆ ಹಾಗೇ ಇರಲಿ ಅನ್ನಿಸಿತು. ಇಡೀ ಊರಿನಲ್ಲಿ ಹೆಂಡತಿ ಬದುಕಿರುವ ಜಾಗ ಅದೊಂದಾದರೂ ಉಳಿಯಲಿ.

ಆದರೆ ದೇವರ ದಾರಿಯಲ್ಲೇ ಸುಳ್ಳು. ಸುಳ್ಳೊಂದಕ್ಕೆ ಒಂದು ಪ್ರದಕ್ಷಿಣೆ ಹೆಚ್ಚು ಎಂದು ನೇಮ ಮಾಡಿಕೊಂಡೆ. ಹೂವಿನವಳು ದಿನಾ ನಾಲ್ಕು ಪ್ರಶ್ನೆ ಕೇಳುವವಳು. ತಿಂಗಳೊಳಗೆ ಮೊಣಗಂಟು ನೋವು ನಿಜವಾಗಿಯೇ ಬಂತು, ನನಗೆ.

೨. ಎಣ್ಣೆ

ಒಂದು ಸಂಜೆ ಅವಳು ಮನೆಯಲ್ಲೇ ಕಾಯಿಸಿದ ನೋವಿನ ಎಣ್ಣೆಯ ಬಾಟಲಿ ಕೊಟ್ಟು, ಅಕ್ಕನಿಗೆ ಎರಡು ಹೊತ್ತು ತಿಕ್ಕಿ ಎಂದಳು. ಫೋಟೋಕ್ಕೆ ಎಣ್ಣೆ ತಿಕ್ಕಲಾದೀತೇ? ನನ್ನ ಕಾಲಿಗೇ ತಿಕ್ಕಿಕೊಂಡೆ. ವಾರ ಕಳೆದು ವಿಚಾರಿಸಿದಳು. ನೋವು ಬಹಳ ಕಡಿಮೆ ಉಂಟು ಎಂದೆ. ಆ ವರ್ಷ ನಾನು ಅವಳಿಗೆ ಹೇಳಿದ ನಿಜ ಅದೊಂದೇ.

೩. ಪ್ರೇಮಿಗಳ ದಿನ

ಫೆಬ್ರವರಿಯಲ್ಲಿ ಪ್ರೇಮಿಗಳ ದಿನವೊಂದು ಬರುವುದು ನನಗೆ ನೆನಪಿರಲಿಲ್ಲ. ಹೋದರೆ ಹೂವಿನವಳ ಮುಂದೆ ಗುಲಾಬಿಗೆ ಸಾಲು. ಪಂಚೆ ಉಟ್ಟವನು ನಾನೊಬ್ಬನೇ. ನನ್ನ ಮುಂದಿದ್ದ ಕಾಲೇಜಿನ ಯುವಕ, ಕಳೆದ ವರ್ಷ ಗುಲಾಬಿ ಕೊಟ್ಟವಳು ಬಿಟ್ಟು ಹೋದಳು, ಈ ವರ್ಷ ಬೇರೆಯವಳು, ಬಿಟ್ಟು ಹೋಗದ ಹಾಗೆ ಯಾವ ಹೂ ಉಂಟು ಎಂದು ಕೇಳಿದ.

"ಮಲ್ಲಿಗೆ ಕೊಂಡು ಹೋಗು ಮಾರಾಯ. ಈ ಅಣ್ಣನನ್ನು ನೋಡು, ಮೂವತ್ತು ವರ್ಷ ಮಲ್ಲಿಗೆಯೇ. ಅಕ್ಕ ಬಿಟ್ಟು ಹೋದಳಾ..."

ಅಲ್ಲಿಗೆ ನಾಲಗೆ ಕಚ್ಚಿಕೊಂಡಳು. ಅವಳಿಗೆ ಎಲ್ಲ ಗೊತ್ತುಂಟೆಂದು ನನಗೆ ಗೊತ್ತಾದದ್ದು ಆಗ. ಯುವಕ ಮಲ್ಲಿಗೆ ಹಿಡಿದುಕೊಂಡು, ನಿಮ್ಮ ಹಾಗೇ ಆಗಬೇಕು ಎಂದು ನನ್ನ ಕಾಲು ಮುಟ್ಟಿದ. ಬೇಡಪ್ಪ ಎನ್ನುವಷ್ಟರಲ್ಲಿ ಅವನ ಸ್ಕೂಟರ್ ಹೊರಟಿತ್ತು.

"ಯಾವಾಗ ಗೊತ್ತಾಯಿತು?" ಎಂದೆ.

"ಮೊದಲ ವಾರವೇ. ಹೂವಿಗೆ ಒಂದು ದೂರೂ ಬರಲಿಲ್ಲವಲ್ಲ ಅಣ್ಣ."

"ಮತ್ತೆ ಎಣ್ಣೆ?"

"ಕುಂಟುತ್ತಿದ್ದದ್ದು ನೀವಲ್ವಾ?"

೪. ಮರುದಿನ

ಅಂದು ಹೂ ಕೊಂಡು, ದೇವಸ್ಥಾನಕ್ಕೂ ಹೋಗದೆ ಮನೆಗೆ ಹಿಂದೆ ಬಂದೆ. ಉಳಿದಿದ್ದ ಆ ಒಂದು ಜಾಗದಲ್ಲೂ ಹೆಂಡತಿ ತೀರಿಕೊಂಡಿದ್ದಳು. ಹೂ ಪೂರ್ತಿ ಫೋಟೋಕ್ಕೇ ಹಾಕಿದೆ.

ಮರುದಿನ, ಹೋಗಬಾರದು ಎಂದುಕೊಂಡೇ ಹೋದೆ. ಹೂವಿನವಳು ಏನೂ ಕೇಳಲಿಲ್ಲ. ಕೇಳಲು ಉಳಿದದ್ದಾದರೂ ಏನು? ಚೆಂಡು ಕೈಗೆ ಬಂದ ಮೇಲೂ ನನಗೆ ಕಾಲು ಕೀಳಲಾಗಲಿಲ್ಲ.

"ನಿನ್ನೆಯ ಹೂ ಬಾಡಿತ್ತಂತೆ" ಎಂದೆ. "ನಾರೂ ಜಾಸ್ತಿಯಂತೆ."

ಹೂವಿನವಳು ಕಟ್ಟುತ್ತಿದ್ದ ಮಾಲೆಗೆ ಇನ್ನೊಂದು ಗಂಟು ಹಾಕಿದಳು. ಅವಳು ತಲೆ ಎತ್ತಲಿಲ್ಲ.

"ಅಕ್ಕನಿಗೆ ಅಷ್ಟು ಉಂಟಾದರೆ ತಾನೇ ಬಂದು ಆರಿಸಿಕೊಳ್ಳಲಿ."