ಹನ್ನೊಂದನೆಯವಳ ಪರವಾಗಿ ಎರಡು ಹಾಳೆ

ಇನ್ನೊಬ್ಬರ ಓಟಕ್ಕೆ ಕೂತಲ್ಲಿಂದಲೇ ಅಂಕ ಹಾಕುವುದು ಬಹಳ ಸುಖದ ಕೆಲಸ. ಉಸಿರು ಕಟ್ಟುವುದಿಲ್ಲ, ಕಾಲು ಉಳುಕುವುದಿಲ್ಲ, ಕೈಯಲ್ಲಿ ಕಾಫಿ ಲೋಟ ಇದ್ದರೂ ಅಡ್ಡಿಯಿಲ್ಲ. ಈ ಸುಖವನ್ನು ನಾನು ಬೇಕಾದಷ್ಟು ಅನುಭವಿಸಿದ್ದೇನೆ. ಅದೂ ಎಂಥ ಓಟಗಾರರ ಮೇಲೆ? ಸಮುದ್ರದಾಚೆಯ ಐರ್ಲೆಂಡಿನ ಹುಡುಗ ಹುಡುಗಿಯರ ಮೇಲೆ. ಚನ್ನಗಿರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷು, ಸಮಾಜ ಪಾಠ ಮಾಡಿಕೊಂಡಿದ್ದ ಮನುಷ್ಯ ಅಂತರರಾಷ್ಟ್ರೀಯ ಕ್ರೀಡಾಕೂಟದ ಬಗ್ಗೆ ತೀರ್ಪು ಬರೆದು ಕಳಿಸಿದ್ದ ಎಂದರೆ ನೀವು ನಗಬಹುದು. ನಗಿ. ಆ ತೀರ್ಪಿನ ಒಂದಕ್ಷರವನ್ನೂ ನಾನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ. ಹಿಂತೆಗೆದುಕೊಂಡದ್ದು ಬೇರೊಂದು ತೀರ್ಪನ್ನು. ಅದರಲ್ಲಿ ನನಗೆ ಸ್ವಲ್ಪ ಮಾನವೂ ಹೋಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಶಾಲೆಯ ಡ್ರಿಲ್ ಮಾಸ್ತರಿಗೆ ವರ್ಗವಾಗಿ ಎರಡು ವರ್ಷವಾದರೂ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹೆಡ್‌ಮಾಸ್ತರು ಒಂದು ದಿನ ನನ್ನನ್ನು ಕರೆದು, ಒಂದು ಸೀಟಿ, ಒಂದು ಸ್ಟಾಪ್ ವಾಚು, ಗಾಳಿ ಹೋದ ಮೂರು ವಾಲಿಬಾಲು ಕೈಗಿತ್ತು, ಇನ್ನು ಆಟೋಟವೆಲ್ಲ ನಿಮ್ಮ ಜವಾಬ್ದಾರಿ ಎಂದರು. ಅಲ್ಲಿಯವರೆಗೆ ನಾನು ಓಡಿದ್ದು ಬಸ್ಸಿನ ಹಿಂದೆ ಮಾತ್ರ. ನ್ಯಾಮತಿಯಲ್ಲಿದ್ದ ಅಕ್ಕನ ಮನೆಗೆ ಹೋಗುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಆ ಎರಡನೇ ಬಸ್ಸು ನನ್ನನ್ನು ಕಂಡ ಮೇಲೆಯೇ ಹೊರಡುವ ಅಭ್ಯಾಸ ಇಟ್ಟುಕೊಂಡಿತ್ತು. ನನ್ನ ಕ್ರೀಡಾಜೀವನ ಅಷ್ಟೆ.

ಆದರೆ ನನ್ನ ಬಗ್ಗೆ ಐರ್ಲೆಂಡಿಗೆ ಹೋದ ಸುದ್ದಿ ಬೇರೆ. ಆಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಪೆನ್ ಫ್ರೆಂಡ್ ಬೇಕೆನ್ನುವವರ ಪಟ್ಟಿ ಬರುತ್ತಿತ್ತು. ನನ್ನ ಇಂಗ್ಲಿಷಿಗೆ ಸಾಣೆ ಹಿಡಿಯೋಣವೆಂದು ನಾನೂ ಹೆಸರು ಕಳಿಸಿದ್ದೆ. ಹವ್ಯಾಸ ಎಂಬ ಜಾಗ ಖಾಲಿ ಬಿಡುವುದು ಚೆನ್ನಾಗಿರುವುದಿಲ್ಲವೆಂದು, ಕೈಯಲ್ಲಿ ಹೇಗೂ ಸೀಟಿ ಇತ್ತಲ್ಲ, ‘ಅಥ್ಲೆಟಿಕ್ಸ್ ತರಬೇತಿ’ ಎಂದು ಬರೆದೆ. ಅದನ್ನು ನಂಬಿ ಕಾಗದ ಬರೆದವರು ಮಿಸ್ ನೋರಾ. ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಟೀಚರು, ಅಲ್ಲಿನ ಮಕ್ಕಳ ಓಟದ ಕ್ಲಬ್ಬಿಗೆ ನಿಜವಾದ ತರಬೇತುದಾರರು. ನಾನು ಮೊದಲ ಕಾಗದದಲ್ಲಿ ಐರ್ಲೆಂಡನ್ನು ಐಸ್‌ಲೆಂಡೆಂದು ತಿಳಿದು, ಅಷ್ಟು ಹಿಮದಲ್ಲಿ ಮಕ್ಕಳು ಹೇಗೆ ಓಡುತ್ತಾರೆ ಎಂದು ಕೇಳಿಬಿಟ್ಟಿದ್ದೆ. ಸಮಾಜ ಪಾಠದ ಮಾಸ್ತರು ನಾನು. ಆ ತಾಯಿ ಬೇಸರಪಡದೆ, ನಮ್ಮಲ್ಲಿ ಹಿಮ ಕಡಿಮೆ, ಮಳೆ ಜಾಸ್ತಿ, ಕುರಿಗಳು ಅದಕ್ಕಿಂತ ಜಾಸ್ತಿ ಎಂದು ಉತ್ತರಿಸಿದ್ದರು.

ಎರಡನೇ ವರ್ಷ ದಸರಾ ರಜೆ ಕಳೆದ ಮೇಲೆ ಅವರಿಂದ ದಪ್ಪನೆಯ ಲಕೋಟೆ ಬಂತು. ಒಳಗೆ ಪತ್ರಿಕೆಯ ಒಂದು ತುಂಡು. ಅವರ ಕ್ಲಬ್ಬಿನ ಇಬ್ಬರು ಮಕ್ಕಳು ಯುರೋಪಿನ ಯಾವುದೋ ದೊಡ್ಡ ನಗರದಲ್ಲಿ ನಡೆದ ಕಿರಿಯರ ಅಂತರರಾಷ್ಟ್ರೀಯ ಕೂಟಕ್ಕೆ ಹೋಗಿದ್ದರು. ಎತ್ತರ ಜಿಗಿಯುವ ಹುಡುಗ ಮೊದಲ ಎತ್ತರವನ್ನೇ ದಾಟಲಾರದೆ ಮರಳಿದ್ದ. ಬ್ರಿಜೆಟ್ ಎಂಬ ಹದಿನೇಳರ ಹುಡುಗಿ ಎಂಟುನೂರು ಮೀಟರಿನಲ್ಲಿ ಹನ್ನೆರಡು ಜನರ ಪೈಕಿ ಹನ್ನೊಂದನೆಯವಳಾಗಿದ್ದಳು. ಇವರಿಗೆ ವಿಮಾನ ತೋರಿಸಿಕೊಂಡು ಬರಲು ಹೋಗಿದ್ದಿರೇನು ಎಂಬ ಧಾಟಿಯಲ್ಲಿ ಪತ್ರಿಕೆಯವನು ಬರೆದಿದ್ದ. ಮುಂದಿನ ವರ್ಷ ಮಕ್ಕಳನ್ನು ಕಳಿಸಬೇಕೇ ಬೇಡವೇ ಎಂದು ಕ್ಲಬ್ಬಿನವರು ಸಭೆ ಕರೆದಿದ್ದಾರೆ, ನೀವು ದೂರದವರು, ನಮ್ಮ ಊರಿನ ಯಾರ ಮುಲಾಜೂ ನಿಮಗಿಲ್ಲ, ತರಬೇತುದಾರರಾಗಿ ನಿಮ್ಮ ಅಭಿಪ್ರಾಯ ಬರೆದು ಕಳಿಸಿದರೆ ಸಭೆಯಲ್ಲಿ ಓದುತ್ತೇನೆ ಎಂದು ನೋರಾ ಕೇಳಿದ್ದರು. ಜೊತೆಗೆ ಬ್ರಿಜೆಟ್ ಅಲ್ಲಿಯವರೆಗೆ ಓಡಿದ ಓಟಗಳ ಸಮಯವನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿದ್ದರು.

ನನಗೆ ರೋಷ ಬಂತು. ಹನ್ನೊಂದನೆಯ ಸ್ಥಾನವೆಂದರೆ ಏನು ಕಡಿಮೆಯೇ? ಚೀಟಿಯನ್ನು ನಾಲ್ಕು ಸಲ ಓದಿದೆ. ಆ ಹುಡುಗಿ ತಾನು ಹಿಂದೆ ಓಡಿದ್ದಕ್ಕಿಂತ ನಾಲ್ಕು ಸೆಕೆಂಡು ಬೇಗ ಓಡಿದ್ದಳು. ಎರಡು ಭಾನುವಾರ ಕೂತು ಎರಡು ಹಾಳೆ ಭರ್ತಿ ಬರೆದೆ. ಒದ್ದೆ ಹುಲ್ಲಿನ ಮೇಲೆ ಕುರಿಗಳನ್ನು ಓಡಿಸಿ ಜಾಗ ಮಾಡಿಕೊಂಡು ಓಡಿದವಳನ್ನು ರಬ್ಬರಿನ ನೆಲದ ಮೇಲೆ ಬೆಳೆದವರ ಜೊತೆ ನಿಲ್ಲಿಸಿ ಬರೀ ಸ್ಥಾನ ಎಣಿಸುವವನು ಲೆಕ್ಕದಲ್ಲೂ ದಡ್ಡ, ನ್ಯಾಯದಲ್ಲೂ ದಡ್ಡ. ಅವಳು ತನ್ನ ನಿನ್ನೆಯ ಓಟವನ್ನು ಸೋಲಿಸಿದ್ದಾಳೆ. ಎತ್ತರ ಜಿಗಿದ ಹುಡುಗನ ವಿಷಯವೂ ಅಷ್ಟೆ, ಹದಿನಾರು ವರ್ಷಕ್ಕೆ ಅಷ್ಟು ಜನರ ಮುಂದೆ ಕೋಲಿನತ್ತ ಓಡಿ ಹೋದನಲ್ಲ, ಅದನ್ನು ಬರೆದವನು ಒಂದು ಸಲ ಓಡಿ ತೋರಿಸಲಿ. ಓಡಿದವರನ್ನು ಕಣ್ಣಾರೆ ನೋಡದೆ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ಹೀಗೆಲ್ಲ ಬರೆದೆ. ನಾನೂ ಅವರನ್ನು ನೋಡಿರಲಿಲ್ಲ ಎಂಬುದು ಆ ಆವೇಶದಲ್ಲಿ ಹೊಳೆಯಲಿಲ್ಲ.

ಬರೆದದ್ದನ್ನು ಕನ್ನಡದಲ್ಲಿ ಹೆಂಡತಿಗೆ ಓದಿ ಹೇಳಿದೆ. ಸರೋಜ ಜಗಳೂರಿನವಳು. ಹೊಗಳಬೇಕಾದ ಜಾಗದಲ್ಲಿ ಪ್ರಶ್ನೆ ಕೇಳುವ ಸ್ವಭಾವ. ಅವಳು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡು, ಆ ಹುಡುಗಿ ಎಷ್ಟನೆಯವಳಾಗಿ ಬಂದಳು ಎಂದು ಮತ್ತೊಮ್ಮೆ ಕೇಳಿದಳು. ಹನ್ನೊಂದನೆಯವಳು ಎಂದೆ.

“ನಮ್ಮ ಹಾಲಮ್ಮ?” ಎಂದಳು.

“ಆರನೆಯವಳು.”

“ಅವಳ ಮ್ಯಾಲೆ ಏನ್ ಬರ್ದಿದ್ರಿ?”

ನಾನು ಹಾಳೆಗಳನ್ನು ಮಡಿಚತೊಡಗಿದೆ. ಅವಳೇ ಹೇಳಿದಳು. ಬೆಳಗ್ಗೆ ಜೋಳ ಬೀಸಿಸಲು ರುದ್ರಪ್ಪನ ಹಿಟ್ಟಿನ ಗಿರಣಿಗೆ ಹೋಗಿದ್ದಳಂತೆ. ರುದ್ರಪ್ಪನ ಮಗಳು ಹಾಲಮ್ಮ ತಲೆಗೂದಲೆಲ್ಲ ಬೆಳ್ಳಗೆ ಮಾಡಿಕೊಂಡು ಹಿಟ್ಟು ತುಂಬುತ್ತಿದ್ದಳಂತೆ. ಸಂಜೆ ಹೊತ್ತು ಓಡಲು ಹೋಗುತ್ತಿಲ್ಲವೇನೇ ಎಂದು ಇವಳು ಕೇಳಿದ್ದಕ್ಕೆ, ನನ್ನಿಂದ ಪ್ರಯೋಜನವಿಲ್ಲ ಅಂತ ಸಾಲೆಯ ನೋಟೀಸ್ ಬೋರ್ಡಿಗೇ ಹಚ್ಚಿದ್ದಾರಲ್ಲಕ್ಕ ಎಂದಳಂತೆ.

ಹಚ್ಚಿದ್ದು ನಿಜ. ಬರೆದದ್ದು ನಾನು. ಒಂಬತ್ತನೇ ತರಗತಿಯ ಹಾಲಮ್ಮ ತಾಲ್ಲೂಕು ಕೂಟದಲ್ಲಿ ಎಂಟುನೂರು ಮೀಟರ್ ಗೆದ್ದು ಶಿವಮೊಗ್ಗದ ಜಿಲ್ಲಾ ಕೂಟಕ್ಕೆ ಹೋಗಿದ್ದಳು. ಲಂಗವನ್ನು ಪಿನ್ನು ಹಾಕಿ ಮೇಲೆತ್ತಿಕೊಂಡು ಬರಿಗಾಲಲ್ಲಿ ಓಡಿ ಆರನೆಯವಳಾದಳು. ಬಂದ ಮೇಲೆ ನಾನು ಕೊಟ್ಟ ವರದಿ ಹೀಗಿತ್ತು: “ಕು. ಹಾಲಮ್ಮ. ಆರನೇ ಸ್ಥಾನ. ಸಾಧನೆ ನಿರಾಶಾದಾಯಕ. ಮುಂದೆ ಕಳಿಸುವುದರಿಂದ ಪ್ರಯೋಜನವಿಲ್ಲ.” ಐರ್ಲೆಂಡಿಗೆ ಎರಡು ಹಾಳೆ, ಚನ್ನಗಿರಿಗೆ ನಾಲ್ಕು ವಾಕ್ಯ.

ಇನ್ನೂ ಒಂದು ಮಾತಿದೆ, ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಹಾಲಮ್ಮ ಓಡುವಾಗ ನಾನು ಮೈದಾನದಲ್ಲಿ ಇರಲೇ ಇಲ್ಲ. ಹುಡುಗಿಯರ ಓಟ ಅರ್ಧ ಗಂಟೆ ತಡವೆಂದು ಯಾರೋ ಹೇಳಿದ್ದನ್ನು ನಂಬಿ, ಗೇಟಿನ ಹೊರಗೆ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದೆ. ಸ್ಟಾಪ್ ವಾಚು ನನ್ನ ಜೇಬಿನಲ್ಲಿತ್ತು. ಎರಡನೇ ಮಿರ್ಚಿಗೆ ಕೈ ಹಾಕುವಾಗ ಒಳಗೆ ಚಪ್ಪಾಳೆ ಕೇಳಿಸಿತು. ಓಡಿ ಬಂದಾಗ ಎಲ್ಲ ಮುಗಿದಿತ್ತು. ಗೆದ್ದ ಮೂವರ ಸಮಯವನ್ನು ಮಾತ್ರ ಬರೆದುಕೊಂಡಿದ್ದರು. ಆರನೆಯವಳ ಸಮಯವನ್ನು ನೋಡಬೇಕಾಗಿದ್ದವನು ನಾನೊಬ್ಬನೇ.

ಮರುದಿನ ಸಂಜೆ ಗಿರಣಿಗೆ ಹೋದೆ. ರುದ್ರಪ್ಪ ಯಂತ್ರದ ಪಟ್ಟಾ ನಿಲ್ಲಿಸಿ, ಕೂರಲು ಸ್ಟೂಲು ಒರೆಸಿಕೊಟ್ಟರು. ಮರ್ಯಾದೆಗೇನೂ ಕೊರತೆಯಿಲ್ಲ. ಹಾಲಮ್ಮನನ್ನು ಮತ್ತೆ ಅಭ್ಯಾಸಕ್ಕೆ ಕಳಿಸಿ ಎಂದೆ.

“ನಾನು ಬ್ಯಾಡ ಅಂದೋನಲ್ಲ ಮೇಷ್ಟ್ರೆ. ಹೆಣ್ಣುಡುಗಿ ಓಡಾಕೆ ಹೋಗ್ತಾಳೆ ಅಂತ ಓಣ್ಯಾಗೆ ನಾಕು ಮಂದಿ ಆಡ್ಕಂಡಾಗ, ಸಾಲೆಯವ್ರು ತಿಳಿದೋರು, ಅವ್ರು ಕಳಿಸ್ರಿ ಅಂದಾರೆ ಅಂತಿದ್ದೆ. ಈಗ ಸಾಲೆಯವ್ರೇ ಹಿಂಗ್ ಬರದ್ರೆ ನಾನು ಯಾರಿಗೆ ಏನ್ ಹೇಳ್ಲಿ?” ಎಂದರು.

ಆ ವರದಿ ತಪ್ಪು, ನಾನೇ ತಿದ್ದುತ್ತೇನೆ, ಒಂದು ಸಲ ಓಡಿ ತೋರಿಸಲಿ ಎಂದೆ. ಅಲ್ಲಿಯವರೆಗೆ ಮೂಟೆಯ ಹಿಂದೆ ನಿಂತಿದ್ದ ಹಾಲಮ್ಮ ಮುಂದೆ ಬಂದಳು. ತಲೆ ತಗ್ಗಿಸಿರಲಿಲ್ಲ.

“ಸಾ, ಅವತ್ತು ನೀವು ನೋಡ್ಲೇ ಇಲ್ಲ,” ಎಂದಳು. “ನಾನು ಪ್ರತಿ ಸುತ್ತಿಗೂ ನಿಮ್ಮನ್ನ ಹುಡುಕ್ದೆ. ಎಷ್ಟು ಸೆಕೆಂಡು ಆತು ಅಂತ ಕೂಗ್ತೀರಿ ಅಂದ್ಕಂಡಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೌದಮ್ಮ, ನೋಡಲಿಲ್ಲ ಎಂದೆ. ರುದ್ರಪ್ಪ ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ಟವೆಲ್ಲಿನಿಂದ ಮೈಮೇಲಿನ ಹಿಟ್ಟು ಕೊಡವಿ, ನಡೀರಿ, ನಾನೂ ಬರ್ತೀನಿ ಎಂದರು.

ಶಾಲೆಯ ಮೈದಾನದಲ್ಲಿ ನಾಲ್ಕು ಸುತ್ತಿಗೆ ಎಂಟುನೂರು ಮೀಟರು. ಮೂರು ವಾರ ಗಿರಣಿಯಲ್ಲಿ ದುಡಿದವಳು, ಅಭ್ಯಾಸ ತಪ್ಪಿದವಳು. ನಾನು ಸ್ಟಾಪ್ ವಾಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪ್ರತಿ ಸುತ್ತಿಗೂ ಗಂಟಲು ಕಿತ್ತುಹೋಗುವಂತೆ ಸೆಕೆಂಡು ಕೂಗಿದೆ. ಮೂರನೇ ಸುತ್ತಿನಲ್ಲಿ ರುದ್ರಪ್ಪನೂ ಗೆರೆಯ ಪಕ್ಕ ಒಂದಷ್ಟು ದೂರ ಓಡಿದರು. ಹಾಲಮ್ಮ ತಾಲ್ಲೂಕು ಕೂಟದಲ್ಲಿ ಗೆದ್ದ ದಿನಕ್ಕಿಂತ ಆರು ಸೆಕೆಂಡು ಬೇಗ ಮುಗಿಸಿದಳು. ಶಿವಮೊಗ್ಗದಲ್ಲಿ ಎಷ್ಟಕ್ಕೆ ಮುಗಿಸಿದ್ದಳೋ ನನಗೆ ಎಂದಿಗೂ ಗೊತ್ತಾಗುವುದಿಲ್ಲ.

ಹೆಡ್‌ಮಾಸ್ತರು ಕೆಟ್ಟವರಲ್ಲ, ಫೈಲಿಗೆ ಹೋದ ಕಾಗದಕ್ಕೆ ಮಾತ್ರ ಅವರು ಕೈ ಮುಗಿಯುವವರು. ಹೋದ ವರದಿ ಹೋಯಿತು, ಹೊಸದನ್ನು ಕೊಡಬೇಕಾದರೆ ಹಳೆಯದು ಯಾಕೆ ತಪ್ಪೆಂದು ಬರೆಯಬೇಕಾಗುತ್ತದೆ, ಸುಮ್ಮನೆ ಯಾಕೆ ಎಂದು ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಅಲ್ಲಿಯೇ ನಿಂತು ಬರೆದೆ. ಹಿಂದಿನ ವರದಿ ಬರೆದ ಶಿಕ್ಷಕರು ಓಟದ ಸಮಯದಲ್ಲಿ ಮೈದಾನದಲ್ಲಿ ಇರಲಿಲ್ಲ, ಗೇಟಿನ ಹೊರಗೆ ಮಂಡಕ್ಕಿ ತಿನ್ನುತ್ತಿದ್ದರು, ಆದ್ದರಿಂದ ಆ ವರದಿಗೆ ಬೆಲೆಯಿಲ್ಲ, ಕು. ಹಾಲಮ್ಮನನ್ನು ಮುಂದಿನ ವರ್ಷವೂ ಕಳಿಸತಕ್ಕದ್ದು.

ಅವರು ಕನ್ನಡಕ ತೆಗೆದು ಎರಡು ಸಲ ಓದಿದರು. “ಇದನ್ನ ಫೈಲಿಗೆ ಹಾಕಿದ್ರೆ ನಿಮಗೆ ಮೆಮೋ ಕೊಡಬೇಕಾಗ್ತದೆ.”

“ಕೊಡ್ರಿ ಸಾರ್. ಆದ್ರೆ ಇದೂ ಬೋರ್ಡಿಗೆ ಹತ್ತಬೇಕು. ಅದು ಹತ್ತಿದ ಜಾಗಕ್ಕೇ.”

ಮಂಡಕ್ಕಿ ಎಂಬ ಪದವನ್ನಾದರೂ ತೆಗೆಯಿರಿ, ಶಾಲೆಯ ಗೌರವದ ಪ್ರಶ್ನೆ ಎಂದರು. ತೆಗೆಯಲಿಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೇಲಿನವರ ಮುಂದೆ ನಾನು ಹಟ ಹಿಡಿದದ್ದು ಅದೊಂದೇ ಸಲ. ವರದಿ ಬೋರ್ಡಿಗೆ ಹತ್ತಿತು. ಮೆಮೋ ಮಧ್ಯಾಹ್ನವೇ ಬಂತು. ಆ ವರ್ಷವೆಲ್ಲ ನಾನು ಹಾದುಹೋದರೆ ಹತ್ತನೇ ತರಗತಿಯವರು ಖಾರದ ವಾಸನೆ ಬಂದವರಂತೆ ಮೂಗು ಒರೆಸಿಕೊಳ್ಳುತ್ತಿದ್ದರು. ಒರೆಸಿಕೊಳ್ಳಲಿ ಎಂದು ಎದೆಯುಬ್ಬಿಸಿಕೊಂಡೇ ನಡೆದೆ. ಹಾಲಮ್ಮ ಸಂಜೆ ಮೈದಾನಕ್ಕೆ ಬರುತ್ತಿದ್ದಳು, ನನಗೆ ಅಷ್ಟು ಸಾಕಾಗಿತ್ತು.

ಐರ್ಲೆಂಡಿನ ಎರಡು ಹಾಳೆಯನ್ನು ತಡವಾಗಿ ಅಂಚೆಗೆ ಹಾಕಿದೆ. ಹಾಕುವ ಮುಂಚೆ ಕೆಳಗೆ ಇನ್ನೆರಡು ಸಾಲು ಸೇರಿಸಿದೆ: ನಾನು ತರಬೇತುದಾರನಲ್ಲ, ಪಾಠದ ಮಾಸ್ತರು, ಬ್ರಿಜೆಟ್ ಓಡಿದ್ದನ್ನು ನೋಡಿದವನೂ ಅಲ್ಲ, ಆದರೂ ಮೇಲೆ ಬರೆದದ್ದೆಲ್ಲ ಸರಿ. ನೋರಾ ಅದನ್ನೂ ಸೇರಿಸಿಯೇ ಸಭೆಯಲ್ಲಿ ಓದಿದರಂತೆ. ಜನ ಬಹಳ ನಕ್ಕರಂತೆ, ನಕ್ಕ ಮೇಲೆ ಮಕ್ಕಳನ್ನು ಕಳಿಸಲು ಒಪ್ಪಿದರಂತೆ. ಕಾಗದದ ಅಂಚಿನಲ್ಲಿ ಬ್ರಿಜೆಟ್ಟೇ ಒಂದು ಸಾಲು ಗೀಚಿದ್ದಳು. ನಿಮ್ಮ ಒಳ್ಳೆಯ ಮಾತಿಗೆ ವಂದನೆ, ಆದರೆ ನಾನು ಎರಡನೇ ಸುತ್ತಿನಲ್ಲಿ ಹೆದರಿ ನಿಧಾನ ಮಾಡಿದೆ, ಅದನ್ನು ನೀವು ಬರೆದಿಲ್ಲ ಎಂದು. ಇಷ್ಟು ವಾದಿಸಿದವನಿಗೆ ಹೀಗನ್ನುವುದೇ ಎಂದು ನನಗೆ ಸ್ವಲ್ಪ ಮುನಿಸೇ ಆಯಿತು.

ಮರುವರ್ಷ ಶಿವಮೊಗ್ಗದಲ್ಲಿ ಬೆಳಗಿನಿಂದ ಹನಿ ನೀರು ಬಿಟ್ಟರೆ ಬಾಯಿಗೆ ಏನೂ ಹಾಕದೆ ಗೆರೆಯ ಪಕ್ಕದಲ್ಲಿ ನಿಂತಿದ್ದೆ. ಹಾಲಮ್ಮ ನಾಲ್ಕನೆಯವಳಾದಳು. ಮೂರನೆಯವಳಾದ ನ್ಯಾಮತಿಯ ಹುಡುಗಿಗೂ ಇವಳಿಗೂ ಒಂದು ಮೊಳದ ಅಂತರ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವಳಿಗೆ ಧೈರ್ಯ ಹೇಳಲು ಶುರುಮಾಡಿದೆ. ನಾಲ್ಕನೇ ಸ್ಥಾನವೆಂದರೆ ಸಾಮಾನ್ಯವಲ್ಲ, ಸ್ಥಾನ ಮುಖ್ಯವಲ್ಲ, ನೀನು ನಿನ್ನ ನಿನ್ನೆಯ ಓಟವನ್ನು ಸೋಲಿಸಿದ್ದೀ, ಹೀಗೆ ಆ ಎರಡು ಹಾಳೆಯ ಸಾರವನ್ನೆಲ್ಲ ಕನ್ನಡದಲ್ಲಿ ಸುರಿದೆ.

ಹಾಲಮ್ಮ ಕಿಟಕಿಯ ಆಚೆ ನೋಡುತ್ತ ಸಾಕಷ್ಟು ಹೊತ್ತು ಸಹಿಸಿಕೊಂಡಳು.

“ಸುಮ್ನಿರ್ರಿ ಸಾ,” ಎಂದಳು ಕೊನೆಗೆ. “ನಾನು ಸೋತೀನಿ. ಕೊನೇ ಸುತ್ತಿಗೆ ಲಗೂನೆ ಜೋರು ಮಾಡ್ದೆ, ಉಸಿರು ಉಳೀಲಿಲ್ಲ. ಹೆಂಗೆ ಸೋತೆ ಅಂತ ನನಗೆ ಗೊತ್ತೈತೆ.”

ಹೇಗೆ ಎಂದು ಕೇಳಿದೆ. ಆಮೇಲೆ ಚನ್ನಗಿರಿ ಬರುವವರೆಗೆ ಅವಳು ಹೇಳುತ್ತಲೇ ಇದ್ದಳು. ಯಾವ ತಿರುವಿನಲ್ಲಿ ಒಳಗೆ ನುಗ್ಗಬೇಕಿತ್ತು, ಯಾರ ಬೆನ್ನಿಗೆ ಎಷ್ಟು ಹೊತ್ತು ಇರಬೇಕಿತ್ತು, ಮೊಣಕೈ ಎಲ್ಲಿ ಅಗಲವಾಯಿತು, ನಾನು ಕೂಗಿದ ಸೆಕೆಂಡು ಎಲ್ಲಿ ತಪ್ಪಿತ್ತು, ಎಲ್ಲವನ್ನೂ. ಟಿಕೆಟ್ಟಿನ ಹಿಂಭಾಗದಲ್ಲೆಲ್ಲ ಬರೆದುಕೊಂಡೆ. ಆ ವರ್ಷದ ವರದಿ ಒಂದೂವರೆ ಪುಟವಾಯಿತು. ಕ್ರೀಡೆಯ ಬಗ್ಗೆ ಇಷ್ಟು ಆಳವಾದ ತಿಳಿವಳಿಕೆ ನಿಮಗಿದೆ ಎಂದು ಗೊತ್ತಿರಲಿಲ್ಲ ಎಂದು ಹೆಡ್‌ಮಾಸ್ತರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ ಮೆಚ್ಚಿಕೊಂಡರು. ಅದರಲ್ಲಿ ನನ್ನದೆಂದು ಹೇಳಬಹುದಾದದ್ದು ಎರಡು ಕಾಗುಣಿತದ ತಪ್ಪು. ಅವನ್ನೂ ಹಾಲಮ್ಮ ಬೋರ್ಡಿನ ಮುಂದೆ ನಿಂತು ಪೆನ್ಸಿಲಿನಿಂದ ತಿದ್ದಿದ್ದಳು.