ಬಚ್ಚಲ ಬಾಗಿಲಿನಿಂದ ಹೊರಟ ಕಾಲೊರಸು

ಮಾನ್ಯ ಕಾಲೊರಸು ಅವರೇ,

ನಮ್ಮ ಮನೆಯ ಬಚ್ಚಲ ಬಾಗಿಲಲ್ಲಿ ಒಂಬತ್ತು ವರ್ಷಗಳಿಂದ ಮಲಗಿದ್ದು, ಬಂದವರ ಹೋದವರ ಪಾದ ಒಣಗಿಸುತ್ತಿರುವ ತಮ್ಮ ಸನ್ನಿಧಿಗೆ, ಇದೇ ಮನೆಯ ಹಿರಿಯನೂ ನಿವೃತ್ತ ಬಸ್ ಕಂಡಕ್ಟರನೂ ಆದ ಪುಟ್ಟಪ್ಪ ಮಾಡುವ ನಮಸ್ಕಾರಗಳು. ಬಗ್ಗಿ ನಮಸ್ಕರಿಸಬೇಕಿತ್ತು, ಸೊಂಟ ಒಪ್ಪುತ್ತಿಲ್ಲ, ಅದಕ್ಕೆ ಕಾರಣ ಯಾರೆಂದು ತಮಗೆ ಗೊತ್ತಿದೆ.

ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ ಎಂದು ಮೂವತ್ತೊಂದು ವರ್ಷ ಖಾಸಗಿ ಬಸ್ಸಿನಲ್ಲಿ ನಿಂತೇ ದುಡಿದವನು ನಾನು. ಕೈಯಲ್ಲಿ ಟಿಕೆಟ್ ಪುಸ್ತಕ, ಬಾಯಲ್ಲಿ ಸೀಟಿ, ಎದುರಿಗೆ ತಿರುವಿನ ಮೇಲೆ ತಿರುವು. ಆದರೂ ಯಾವ ಕಂಬಿಯನ್ನೂ ಹಿಡಿಯದೆ, ಒಮ್ಮೆಯೂ ಯಾರ ಮಡಿಲಿಗೂ ಬೀಳದೆ ಮರ್ಯಾದೆಯಿಂದ ನಿವೃತ್ತನಾದೆ. ಅಂಥವನನ್ನು, ಒಂದು ಕಾಲು ಒರಸಿ ಇನ್ನೊಂದನ್ನು ಎತ್ತುವಷ್ಟರಲ್ಲಿ, ಬಚ್ಚಲಿನಿಂದ ಅಡುಗೆಮನೆಯ ತನಕ ಎಲ್ಲೂ ನಿಲ್ಲಿಸದೆ ಸಾಗಿಸಿದ ತಮ್ಮ ಚಾಲನಾ ಕೌಶಲಕ್ಕೆ ಬೆರಗಾಗಿದ್ದೇನೆ. ಆ ರೂಟಿಗೆ ತಮಗೆ ಪರ್ಮಿಟ್ ಕೊಟ್ಟವರು ಯಾರು?

ಆ ದಿನ ನಾನು ತಮ್ಮ ಹೆಸರು ಎತ್ತಲಿಲ್ಲ. ಓಡಿ ಬಂದ ಮಗಳು ಮಂಜುಶ್ರೀಗೆ, ತಲೆ ಸುತ್ತಿತು ಎಂದೆ. ತಾವು ನನ್ನ ಹೆಂಡತಿ ಹೂವಮ್ಮ ತನ್ನ ಹಳೆಯ ಸೀರೆಗಳನ್ನು ಹರಿದು, ಜಡೆಯಂತೆ ಹೆಣೆದು, ಸುತ್ತಿ ಹೊಲಿದ ಕೈಕೆಲಸ. ಆಕೆ ಹೋಗಿ ಹದಿನಾಲ್ಕು ತಿಂಗಳಾಯಿತು. ತಮ್ಮ ನಡುವಿನ ನೀಲಿ ಸುತ್ತು, ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಲು ಲಾಂಚ್ ಹತ್ತುವಾಗ ಆಕೆ ನನ್ನ ತೋಳು ಹಿಡಿದುಕೊಂಡ ದಿನ ಉಟ್ಟಿದ್ದ ಸೀರೆ. ದೂರು ಹೇಳಿದರೆ ಮಗಳು ತಮ್ಮನ್ನು ಹೊರಗೆ ಎಸೆದಾಳೆಂದು ಹೆದರಿದೆ. ಈ ಸುಳ್ಳಿಗೆ ಪ್ರತಿಫಲವಾಗಿ ಮಂಜುಶ್ರೀ, ಬಿ.ಪಿ. ಇರಬೇಕೆಂದು ಹದಿನೈದು ದಿನ ನನಗೆ ಉಪ್ಪಿಲ್ಲದ ಗಂಜಿ ಬಡಿಸಿ, ಅಪ್ಪೆಮಿಡಿಯ ಭರಣಿಯನ್ನು ಅಟ್ಟಕ್ಕೆ ಏರಿಸಿದಳು. ತಮಗಾಗಿ ನಾನು ಉಪ್ಪಿನಕಾಯಿ ಬಿಟ್ಟೆ. ನನಗಾಗಿ ತಾವು ಜಾರುವುದೊಂದನ್ನು ಬಿಡಲಿಲ್ಲ.

ತಮ್ಮನ್ನು ಗುಟ್ಟಾಗಿ ತಿದ್ದಲೂ ನೋಡಿದೆ. ತಳಕ್ಕೆ ತೇವ ತಾಗದಿರಲಿ, ಗಟ್ಟಿಯಾಗಿ ಕೂರಲಿ ಎಂದು ಒಂದು ಒಳ್ಳೆಯ ಅಡಿಕೆ ಹಾಳೆಯನ್ನು ತಮ್ಮ ಕೆಳಗೆ ಸೇರಿಸಿ ಹೊಲಿದೆ. ಹುಡುಗನಾಗಿದ್ದಾಗ ಇಂಥದೇ ಹಾಳೆಯ ಮೇಲೆ ಕೂತು ಗುಡ್ಡದಿಂದ ಜಾರಿ ಮೂರು ಚಡ್ಡಿ ಹರಿದುಕೊಂಡವನಿಗೆ, ಸೂಜಿ ಹಿಡಿದ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ. ಮರುದಿನವೇ ತಾವು ಎಕ್ಸ್‌ಪ್ರೆಸ್ ಆದಿರಿ. ಅಡುಗೆಮನೆಯನ್ನೂ ದಾಟಿಸಿ ನನ್ನನ್ನು ಹಜಾರಕ್ಕೆ ತಂದು ಇಳಿಸಿದಿರಿ. ಅಲ್ಲಿ ಆಶಾ ಕಾರ್ಯಕರ್ತೆ ಲಿಖಿತಾ, ವಯಸ್ಸಾದವರು ಮನೆಯಲ್ಲಿ ಬೀಳದಂತೆ ಏನೇನು ಮಾಡಬೇಕೆಂಬ ಪಟ್ಟಿಯನ್ನು ಮಂಜುಶ್ರೀಗೆ ಓದಿ ಹೇಳುತ್ತಿದ್ದಳು. ಜಾರುವ ಕಾಲೊರಸು ತೆಗೆಯಬೇಕೆಂಬ ಸಾಲಿಗೆ ಬಂದಿದ್ದಳಂತೆ. ‘ಅಜ್ಜ, ಮಾಡಿ ತೋರ್ಸಿ ಅಂತ ನಾನು ಕೇಳಿರ್ಲಿಲ್ಲ’ ಅಂದಳು. ಮಂಜುಶ್ರೀ ನಗಲಿಲ್ಲ. ನನ್ನನ್ನು ಎತ್ತಿ ಕೂರಿಸಿ, ತಮ್ಮನ್ನು ಮಗುಚಿ ಹಾಳೆಯನ್ನು ನೋಡಿದಳು. ‘ಇದ್ಕಾ ಅಪ್ಪ, ಅಷ್ಟು ದಿನ ಗಂಜಿ ಕುಡ್ದಿದ್ದು?’ ಎಂದು ಕೇಳಿ ಒಳಗೆ ಹೋದಳು. ಭಾನುವಾರದೊಳಗೆ ತಾವು ನೆಲ ಬಿಡಬೇಕೆಂದು ಆಮೇಲೆ ಅಪ್ಪಣೆಯಾಯಿತು.

ತಮ್ಮಲ್ಲಿ ನಾಲ್ಕು ಮಾತು ವಿನಂತಿಸಿಕೊಳ್ಳಬೇಕೆಂದಿದ್ದೆ. ಹೊರಡುವ ಮೊದಲು ಒಂದು ಸೀಟಿ ಊದಬೇಕು. ಪ್ರಯಾಣಿಕನ ಎರಡೂ ಕಾಲು ಒಳಗೆ ಬಂದ ಮೇಲೆಯೇ ಚಲಿಸಬೇಕು. ಬೀಳಿಸಲೇಬೇಕೆಂದಿದ್ದರೆ ಅಕ್ಕಿ ಚೀಲದ ಮೇಲೆ ಬೀಳಿಸಬೇಕು. ಸ್ನಾನ ಮುಗಿಸಿ ಬರುವ ನೆಂಟರಿಗೂ ಈ ಸೇವೆ ವಿಸ್ತರಿಸಬೇಕು. ಆದರೆ ಮಗಳ ಮುಖ ನೋಡಿದ ಮೇಲೆ ವಿನಂತಿಗಳನ್ನು ಹಿಂದಕ್ಕೆ ಪಡೆದಿದ್ದೇನೆ. ಇನ್ನೊಮ್ಮೆ ಬಿದ್ದರೆ ಎತ್ತಬೇಕಾದವಳು ಅವಳು. ಒಬ್ಬರನ್ನು ಕಳಿಸಿಕೊಟ್ಟು ಅವಳಿಗೂ ಹದಿನಾಲ್ಕೇ ತಿಂಗಳು.

ಆದಕಾರಣ ನಾನೇ ಹಾಳೆ ಬಿಚ್ಚಿ, ತಮ್ಮನ್ನು ಒಗೆದು ಒಣಗಿಸಿ, ಕಿಟಕಿ ಪಕ್ಕದ ನನ್ನ ಕುರ್ಚಿಯ ಮೇಲೆ ಹಾಸಿದ್ದೇನೆ. ಪಾದಸೇವೆಯಿಂದ ನೇರವಾಗಿ ಪೀಠಕ್ಕೆ ಬಡ್ತಿ ಪಡೆದವರು ನಮ್ಮ ಮೂರು ತಾಲ್ಲೂಕಿನಲ್ಲಿ ತಾವೊಬ್ಬರೇ ಇರಬೇಕು. ಅಭಿನಂದನೆಗಳು.

ತಮ್ಮಿಂದ ಎರಡು ಸಲ ಬಿದ್ದೂ ವಿಶ್ವಾಸ ಕಳೆದುಕೊಳ್ಳದ,
ಪುಟ್ಟಪ್ಪ

ಮರೆತಿದ್ದೆ: ತಮ್ಮ ಜಾಗಕ್ಕೆ ಸಾಗರದಿಂದ ರಬ್ಬರಿನ ಕಾಲೊರಸು ಬಂದಿದೆ. ನಾಲ್ಕು ದಿನವಾಯಿತು, ಒಂದಿಂಚೂ ಕದಲಿಲ್ಲ. ಬಹಳ ಸಜ್ಜನ, ಕಾಲು ಒರಸಿಕೊಳ್ಳುವಾಗ ಅದನ್ನು ಬೈಯಲು ಏನೂ ಸಿಗುವುದಿಲ್ಲ, ಮಾತಾಡಿಸಲೂ ಏನೂ ಸಿಗುವುದಿಲ್ಲ.